33 ದಿನದ ಕರೆಂಟು, ಬಾಯೊಳಗಿನ ಉರಿ

ಮೂರನೆಯ ವಾರ ಮುಗಿಯುವ ಹೊತ್ತಿಗೆ ರೇಡಿಯೋಥೆರಪಿ ವಿಭಾಗದ ಬಾಗಿಲಲ್ಲಿ ನಮಗೆ ಹೆಚ್ಚಾಗಿ ಕೇಳಿಬರುವ ಮಾತು ಇದು: "ಸಿಸ್ಟರ್, ಬಾಯೆಲ್ಲಾ ಹುಣ್ಣಾಗ್ಬಿಟ್ಟಿದೆ. ಒಂದು ವಾರ ಊರಿಗೆ ಹೋಗಿ ಸುಧಾರಿಸ್ಕೊಂಡು ಬರ್ತೀವಿ, ಆಮೇಲೆ ಕರೆಂಟ್ ಕೊಡಿ." ಕರೆಂಟ್ ಎಂದರೆ ಇಲ್ಲಿ ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಕೊಡುವ ವಿಕಿರಣ ಚಿಕಿತ್ಸೆ. ಹೀಗೆ ಕೇಳುವವರದು ತಪ್ಪೇನಲ್ಲ. ಹುಣ್ಣಾದ ಜಾಗಕ್ಕೇ ದಿನಾ ಕರೆಂಟ್ ಹಾಯಿಸಿಕೊಳ್ಳಲು ಯಾರಿಗೆ ತಾನೇ ಮನಸ್ಸು ಬರುತ್ತದೆ? ಆದರೂ ನಮ್ಮ ಉತ್ತರ ಯಾವಾಗಲೂ ಒಂದೇ: ಬಾಯಿಯನ್ನು ನಾವು ನೋಡಿಕೊಳ್ಳುತ್ತೇವೆ, ನೀವು ದಿನ ತಪ್ಪಿಸಬೇಡಿ.

ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಕೊಡುವ ವಿಕಿರಣವನ್ನು ಗ್ರೇ ಎಂಬ ಅಳತೆಯಲ್ಲಿ ಲೆಕ್ಕ ಹಾಕುತ್ತಾರೆ. ಆಪರೇಷನ್ ಆದವರಿಗೆ ಸಾಮಾನ್ಯವಾಗಿ 60ರಿಂದ 66 ಗ್ರೇ. ಆಪರೇಷನ್ ಇಲ್ಲದೆ ಕರೆಂಟಿನಿಂದಲೇ ವಾಸಿ ಮಾಡಬೇಕಾದ ಗಂಟಲಿನ ಗಡ್ಡೆಗೆ 66ರಿಂದ 70. ದಿನಕ್ಕೆ 2 ಗ್ರೇ, ಸೋಮವಾರದಿಂದ ಶುಕ್ರವಾರ. ಅಂದರೆ 66 ಗ್ರೇಗೆ 33 ಸಲ, ಆರೂವರೆ ವಾರ. ಶುರುವಾದ ಸುಮಾರು 4 ವಾರಕ್ಕೆ, ಸಾಯದೆ ಉಳಿದ ಗಡ್ಡೆಯ ಕೋಶಗಳು ಮೊದಲಿಗಿಂತ ಬೇಗ ಬೇಗ ಹೆಚ್ಚತೊಡಗುತ್ತವೆ. 1988ರಲ್ಲಿ ವಿಕಿರಣ ಚಿಕಿತ್ಸೆಯ ಸಂಶೋಧಕ ರಾಡ್ನಿ ವಿದರ್ಸ್ ಮತ್ತು ಜೊತೆಗಾರರು ಇದನ್ನು ಲೆಕ್ಕ ಹಾಕಿ ತೋರಿಸಿದರು: ಆ ಹಂತದಲ್ಲಿ ಚಿಕಿತ್ಸೆ ಉದ್ದವಾದ ಪ್ರತಿ ದಿನಕ್ಕೂ ಸುಮಾರು 0.6 ಗ್ರೇ ಹೆಚ್ಚು ಬೇಕಾಗುತ್ತದೆ. ಒಂದು ವಾರ ಊರಿಗೆ ಹೋಗಿ ಬಂದರೆ 4 ಗ್ರೇ, ಎಂದರೆ ಎರಡು ದಿನದ ಕರೆಂಟು ನೀರಿಗೆ ಹೋದ ಹಾಗೆ. ಅದನ್ನು ಕೊನೆಯಲ್ಲಿ ಸೇರಿಸಿ ಕೊಟ್ಟರಾಯಿತಲ್ಲ ಎಂದರೆ, ದವಡೆ ಮೂಳೆ, ಬೆನ್ನುಹುರಿ ತಡೆದುಕೊಳ್ಳುವುದಕ್ಕೂ ಒಂದು ಮಿತಿ ಇದೆ. ಹಾಗಾಗಿ ಮುಂದೆ ಹೇಳುವ ಬಾಯಿ ಮುಕ್ಕಳಿಸುವುದು, ನೋವಿನ ಮದ್ದು ಮಾರ್ಫಿನ್, ಊಟ ಬಿಡಲು ಮೂಗಿನಿಂದ ಹೊಟ್ಟೆಗೆ ಇಳಿಸುವ ಪೈಪು ಎಲ್ಲವೂ ನೋವು ತಗ್ಗಿಸಲಷ್ಟೇ ಅಲ್ಲ, 33 ದಿನವನ್ನು ತುಂಡಾಗದಂತೆ ದಾಟಿಸಲು.

ಹಲ್ಲು ಮೊದಲು

ಕರೆಂಟಿಗೆ ಬಂದವರನ್ನು ಮೊದಲು ಹಲ್ಲಿನ ವಿಭಾಗಕ್ಕೆ ಕಳಿಸಿದರೆ ಮನೆಯವರಿಗೆ ಸಿಟ್ಟು ಬರುತ್ತದೆ. ಕ್ಯಾನ್ಸರ್ ಬಿಟ್ಟು ಹಲ್ಲು ನೋಡ್ತಾರಲ್ಲ ಎಂದು. ಕಾರಣ ಇದೆ. ವಿಕಿರಣ ಬಿದ್ದ ದವಡೆ ಮೂಳೆಗೆ ರಕ್ತ ಸಂಚಾರ ಕಡಿಮೆಯಾಗುತ್ತದೆ, ಮುಂದೆ ಯಾವತ್ತೋ ಅಲ್ಲಿ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಸಾಯಬಹುದು. ಉಳಿಸಲಾಗದ ಹಲ್ಲುಗಳನ್ನು ಮೊದಲೇ ಕಿತ್ತು, ಕನಿಷ್ಠ 10ರಿಂದ 14 ದಿನ ಗಾಯ ಮಾಯಲು ಬಿಡಬೇಕು. ಇತ್ತ ಆಪರೇಷನ್ ಆದವರಿಗೆ 6 ವಾರದೊಳಗೆ ಕರೆಂಟು ಶುರುವಾಗಬೇಕು. ಹಲ್ಲಿನ ತಪಾಸಣೆಯನ್ನು ಕೊನೆಗೆ ಬಿಟ್ಟರೆ ಈ ಎರಡೂ ಲೆಕ್ಕ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಆಪರೇಷನ್ ದಿನವೇ, ಅರಿವಳಿಕೆಯಲ್ಲಿರುವಾಗಲೇ ಹಲ್ಲು ಕಿತ್ತುಬಿಡುವುದು ಎಲ್ಲಕ್ಕಿಂತ ಸುಲಭ. ಆಪರೇಷನ್‌ಗೆ ಮುಂಚೆಯೇ ಸರ್ಜನ್ ಹತ್ತಿರ ಇದನ್ನು ಕೇಳಿ ಇಟ್ಟುಕೊಳ್ಳಿ.

ನಮ್ಮ ಕಡೆಯ ರೋಗಿಗಳಲ್ಲಿ ಇನ್ನೊಂದು ತೊಡಕು. ಎಷ್ಟೋ ಜನಕ್ಕೆ ಕ್ಯಾನ್ಸರ್ ಬರುವ ಮೊದಲೇ ಬಾಯಿ ಅರ್ಧಕ್ಕರ್ಧ ಮುಚ್ಚಿಹೋಗಿರುತ್ತದೆ. ವರ್ಷಗಟ್ಟಲೆ ಅಡಿಕೆ ಅಗಿದರೆ ಕೆನ್ನೆಯ ಒಳಪದರದಲ್ಲಿ ಸಣ್ಣ ಉರಿಯೂತ ಒಂದು ದಿನವೂ ಆರದೆ ಉಳಿಯುತ್ತದೆ. ಅದು ಮಾಯಲು ಹೋಗಿ ಹೋಗಿ ಅಲ್ಲಿ ನಾರು ಕಟ್ಟಿ, ಕೆನ್ನೆ ಹಲಗೆಯಂತೆ ಬಿಗಿಯುತ್ತದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುವುದು ಇದಕ್ಕೇ, ಕ್ಯಾನ್ಸರ್‌ಗೆ ದಾರಿ ಮಾಡಿಕೊಡುವ ಸ್ಥಿತಿ. ಹೊಗೆಸೊಪ್ಪು ಸೇರದ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಸೇರಿಸಿತು. ಶಿವಮೊಗ್ಗ, ಶಿರಸಿ, ಪುತ್ತೂರು ಕಡೆಯವರ ಮುಂದೆ ಈ ಮಾತು ಹೇಳುವುದು ಕಷ್ಟ, ತೋಟದಿಂದಲೇ ಆಸ್ಪತ್ರೆಯ ಖರ್ಚು ನಡೆಯುತ್ತಿರುತ್ತದೆ. ಹೇಳದೆ ಇರಲಿಕ್ಕೂ ಆಗುವುದಿಲ್ಲ. ಚಿಕಿತ್ಸೆ ನಡೆಯುವಾಗಲೂ ಕದ್ದು ಎಲೆಯಡಿಕೆ, ಕಡ್ಡಿಪುಡಿ ಹಾಕುವವರ ಬಾಯಿ ಉಳಿದವರಿಗಿಂತ ಬೇಗ ಕೆಡುತ್ತದೆ.

ಬಾಯಿ ಎಷ್ಟು ತೆರೆಯುತ್ತದೆ ಎಂಬುದನ್ನು ಮೊದಲ ದಿನವೇ ಸ್ಕೇಲಿನಲ್ಲಿ ಅಳೆದು ಫೈಲಿನಲ್ಲಿ ಬರೆಸಿ: ಮೇಲಿನ ಮುಂಬಲ್ಲಿನ ತುದಿಯಿಂದ ಕೆಳಗಿನ ಮುಂಬಲ್ಲಿನ ತುದಿಗೆ ಎಷ್ಟು ಮಿಲಿಮೀಟರ್ ಎಂದು. 35ಕ್ಕಿಂತ ಕಡಿಮೆಯಿದ್ದರೆ ಅದು ಕಟ್ಟಿಕೊಂಡ ಬಾಯಿ. ಈ ಸಂಖ್ಯೆ ಇಲ್ಲದಿದ್ದರೆ ಆರು ತಿಂಗಳ ಮೇಲೆ "ಮೊದಲೂ ಹೀಗೇ ಇತ್ತಾ?" ಎಂಬ ಪ್ರಶ್ನೆಗೆ ಯಾರ ಬಳಿಯೂ ಉತ್ತರ ಇರುವುದಿಲ್ಲ.

ಮಾಸ್ಕ್

ಮೌಲ್ಡ್ ರೂಮಿನಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಹಾಳೆಯನ್ನು 65ರಿಂದ 70 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದುತ್ತಾರೆ. ಮೆತ್ತಗಾದ ಹಾಳೆಯನ್ನು ಮುಖದಿಂದ ಭುಜದವರೆಗೆ ಎಳೆದು ಒತ್ತಿದರೆ, ಐದಾರು ನಿಮಿಷದಲ್ಲಿ ಅದೇ ಮುಖದ ಅಚ್ಚಾಗಿ ಗಟ್ಟಿಯಾಗುತ್ತದೆ. ಬಿಸಿ ಟವೆಲ್ ಹಾಕಿದಷ್ಟೇ ಶಾಖ, ಸುಡುವುದಿಲ್ಲ. ಜಾಲರಿ ಇರುವುದರಿಂದ ಉಸಿರಾಟಕ್ಕೂ ತೊಂದರೆಯಿಲ್ಲ. ದಿನವೂ ಈ ಮಾಸ್ಕನ್ನೇ ಹಾಕಿ ಟೇಬಲ್‌ಗೆ ಬಿಗಿಯುತ್ತಾರೆ, ಏಕೆಂದರೆ ತಲೆ 5 ಮಿಲಿಮೀಟರ್ ಸರಿದರೂ ಉಳಿಸಬೇಕಾದ ಜೊಲ್ಲಿನ ಗ್ರಂಥಿಗೆ ಏಟು ಬೀಳಬಹುದು.

ಅವತ್ತು ಗಡ್ಡ ಮೀಸೆ ತೆಗೆಸಿ ಬನ್ನಿ, ಮುಂದೆ ಅದೇ ಸ್ಥಿತಿಯಲ್ಲಿರಿ. ಹೆಂಗಸರು ಜಡೆಯನ್ನೋ ತುರುಬನ್ನೋ ತಲೆಯ ಹಿಂದೆ ಬಿಟ್ಟು ಮಾಸ್ಕ್ ಮಾಡಿಸಿಕೊಂಡರೆ, ನಾಳೆ ಕೂದಲು ಬೇರೆ ಥರ ಕಟ್ಟಿದಾಗ ಗಲ್ಲದ ಕೋನವೇ ಬದಲಾಗುತ್ತದೆ. ಕೂದಲು ಬಿಚ್ಚಿ ನೆತ್ತಿಯ ಕಡೆ ಹಾಕಿಕೊಳ್ಳುವುದು ಒಳ್ಳೆಯದು. ಮೂಗುಬೊಟ್ಟು, ಓಲೆ ತೆಗೆದಿಡಿ. ಬಾಯಲ್ಲಿ ಲೋಹದ ಫಿಲ್ಲಿಂಗ್ ಇದ್ದರೆ ಹೇಳಿ. ಲೋಹಕ್ಕೆ ಬಡಿದ ವಿಕಿರಣ ಹಿಂದಕ್ಕೆ ಚಿಮ್ಮಿ, ಅದಕ್ಕೆ ತಾಗಿದ ನಾಲಿಗೆ ಕೆನ್ನೆಯಲ್ಲಿ ಹುಣ್ಣು ಹೆಚ್ಚಾಗುತ್ತದೆ. ನಡುವೆ ಒಂದು ತೆಳು ಪಟ್ಟಿ ಇಟ್ಟರೆ ಅಷ್ಟು ತಪ್ಪುತ್ತದೆ.

ಮಾಸ್ಕ್ ಹಾಕಿಯೇ ಸಿ.ಟಿ. ಸ್ಕ್ಯಾನ್, ಆಮೇಲೆ ವಿಕಿರಣ ಎಲ್ಲಿಗೆ ಎಷ್ಟು ಎಂದು ಲೆಕ್ಕ ಹಾಕುವ ಪ್ಲ್ಯಾನಿಂಗ್. ಇದಕ್ಕೆ ಒಂದು ವಾರ ಹಿಡಿಯುತ್ತದೆ. ಮಿಷನ್ ಒಳಗಿನ ಹತ್ತು ಹದಿನೈದು ನಿಮಿಷದಲ್ಲಿ ನೋವೂ ಇಲ್ಲ, ಬಿಸಿಯೂ ಇಲ್ಲ. ಮೊದಲ ವಾರ ಮುಗಿಸಿದವರು "ಇಷ್ಟೇನಾ?" ಎನ್ನುತ್ತಾರೆ. ಆ ವಾರವೇ ಬಾಯಿ ಮುಕ್ಕಳಿಸುವ ಅಭ್ಯಾಸ ಹತ್ತಬೇಕು, ಹತ್ತುವುದಿಲ್ಲ.

ಹುಣ್ಣು ಕಾಣುವ ಮೊದಲೇ ಉರಿ ಹತ್ತಿರುತ್ತದೆ

ಮೊದಲ ದಿನದ ಕರೆಂಟು ಬಿದ್ದ ಕ್ಷಣದಿಂದಲೇ ಒಳಗೆ ಕೆಲಸ ಶುರು. ಬಾಯೊಳಗಿನ ತೆಳುಪದರ ಒಂದೆರಡು ವಾರಕ್ಕೊಮ್ಮೆ ತನ್ನನ್ನು ತಾನೇ ಹೊಸದಾಗಿಸಿಕೊಳ್ಳುತ್ತದೆ. ಹೊಸ ಕೋಶ ಹುಟ್ಟಿಸುವ ತಳದ ಸಾಲಿಗೇ ವಿಕಿರಣ ತಾಗಿರುವುದರಿಂದ, ಮೇಲಿನ ಹಳೆಯ ಪದರ ಸವೆದು ಮುಗಿಯುವವರೆಗೆ ಹೊರಗೆ ಏನೂ ಕಾಣುವುದಿಲ್ಲ. 2004ರಲ್ಲಿ ಅಮೆರಿಕದ ಸಂಶೋಧಕ ಸ್ಟೀಫನ್ ಸೋನಿಸ್ ಇದನ್ನು ಐದು ಹಂತಗಳಾಗಿ ವಿವರಿಸಿದರು. ಮೊದಲು ಕೋಶದ ಡಿಎನ್‌ಎಗೆ ಏಟು. ಆಮೇಲೆ ಎನ್‌ಎಫ್-ಕಪ್ಪಾ-ಬಿ ಎಂಬ ಸ್ವಿಚ್ ಒತ್ತಿದಂತಾಗಿ ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-6ರಂಥ ಉರಿಯೂತದ ಸಂದೇಶಗಳು ಹೊರಬೀಳುತ್ತವೆ. ಮೂರನೆಯದರಲ್ಲಿ ಆ ಸಂದೇಶಗಳೇ ಅದೇ ಸ್ವಿಚ್ಚನ್ನು ಮತ್ತೆ ಮತ್ತೆ ಒತ್ತುತ್ತವೆ, ಒಲೆಯ ಗಾಳಿ ಒಲೆಗೇ ಊದಿದ ಹಾಗೆ. ನಾಲ್ಕನೆಯದು ಹುಣ್ಣು, ಪದರ ಹರಿದ ಕೂಡಲೇ ಬಾಯಿಯ ಬ್ಯಾಕ್ಟೀರಿಯಾ ಒಳಗಿಳಿದು ಉರಿಯನ್ನು ಇನ್ನಷ್ಟು ಏರಿಸುತ್ತವೆ. ಐದನೆಯದು ಮಾಯುವುದು. ದಿನಾ ಹೊಸ ಏಟು ಬೀಳುತ್ತಿರುವುದರಿಂದ ಕೊನೆಯ ಹಂತ ಚಿಕಿತ್ಸೆ ಮುಗಿಯುವವರೆಗೆ ಕೈಗೆ ಬರುವುದಿಲ್ಲ.

ಉರಿಯೂತವೇ ಮೂಲವಾದರೆ ಅದನ್ನು ತಗ್ಗಿಸುವ ನೋವಿನ ಮಾತ್ರೆ ನುಂಗಿದರಾಯಿತಲ್ಲ ಎಂದು ಮೆಡಿಕಲ್ ಶಾಪಿಗೆ ಹೋಗುವವರಿದ್ದಾರೆ. ಇದು ಅಪಾಯ. ಡೈಕ್ಲೋಫಿನಾಕ್, ಐಬುಪ್ರೊಫೇನ್ ಜಾತಿಯ ಮಾತ್ರೆಗಳು ಮೂತ್ರಪಿಂಡದ ರಕ್ತ ಸಂಚಾರ ಇಳಿಸುತ್ತವೆ. ಕರೆಂಟಿನ ಜೊತೆ ವಾರಕ್ಕೊಮ್ಮೆ ಕೊಡುವ ಸಿಸ್‌ಪ್ಲಾಟಿನ್ ಕೀಮೋ ಮೂತ್ರಪಿಂಡಕ್ಕೆ ಮೊದಲೇ ಭಾರ. ಎರಡೂ ಸೇರಿ, ನೀರು ಕುಡಿಯುವುದೂ ಕಡಿಮೆಯಾಗಿ, ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ಕುಗ್ಗಿದಾಗ ರಕ್ತದಲ್ಲಿ ಹೆಚ್ಚುವ ಅಂಶ) ಏರಿ ಕೀಮೋ ನಿಂತುಹೋಗುತ್ತದೆ. ಇದೇ ಗುಣದ ಮದ್ದನ್ನು ಬಾಯಿಗಷ್ಟೇ ತಾಗಿಸುವ ದಾರಿ ಇದೆ: ಬೆಂಜೈಡಮಿನ್ 0.15 ಶೇಕಡಾ ದ್ರವ. 15 ಮಿಲಿ ಬಾಯಲ್ಲಿ ಅರ್ಧ ನಿಮಿಷ ಆಡಿಸಿ ಉಗುಳುವುದು, ದಿನಕ್ಕೆ ನಾಲ್ಕರಿಂದ ಆರು ಸಲ, ಕರೆಂಟಿನ ಮೊದಲ ದಿನದಿಂದಲೇ. ಹುಣ್ಣು ಬಂದ ಮೇಲೆ ಶುರು ಮಾಡಿದರೆ ಚುರ್ರೆನ್ನುತ್ತದೆ, ಆಗ ಸಮಪಾಲು ನೀರು ಬೆರೆಸಬೇಕು.

ಉಪ್ಪು, ಸೋಡಾ, ಎರಡು ಗಂಟೆ

ಇಷ್ಟೆಲ್ಲ ಔಷಧಗಳ ನಡುವೆ ನಾವು ಹೆಚ್ಚು ನೆಚ್ಚಿಕೊಂಡಿರುವುದು ಅಡುಗೆಮನೆಯ ನೀರನ್ನೇ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ಚಮಚ ತಲೆ ತಟ್ಟಿ ಅಳೆಯಿರಿ, ಗೋಪುರ ಬೇಡ. ದಿನದ ನೀರು ಆ ದಿನಕ್ಕೇ, ಉಳಿದದ್ದು ಚೆಲ್ಲಿ. ಸೋಡಾ ಬಾಯಿಯ ಹುಳಿಯನ್ನು ಇಳಿಸುತ್ತದೆ, ಅಂಟಂಟಾದ ಜೊಲ್ಲನ್ನು ಬಿಡಿಸುತ್ತದೆ. ಎದ್ದ ಕೂಡಲೇ, ಪ್ರತಿ ತಿಂಡಿ ಊಟದ ಮೇಲೆ, ಮಲಗುವ ಮುನ್ನ. ಮೂರನೆಯ ವಾರದಿಂದ ಎಚ್ಚರವಿರುವಷ್ಟೂ ಹೊತ್ತು ಎರಡು ಗಂಟೆಗೊಮ್ಮೆ. ರಾತ್ರಿ ಬಾಯಿ ಒಣಗಿ ಎಚ್ಚರವಾದರೆ ಆಗಲೂ ಒಂದು ಸಲ. ಗಳಗಳ ಮಾಡುವ ಶಕ್ತಿ ಇಲ್ಲದಿದ್ದರೆ ತಲೆ ಅತ್ತಿತ್ತ ವಾಲಿಸಿ ನೀರು ಆಡಿಸಿದರೂ ಸಾಕು.

ಬಾಯಿ ತೆರೆಯದವರಿಗೆ, ಆಪರೇಷನ್‌ನಲ್ಲಿ ಎದೆಯ ಚರ್ಮ ತಂದು ಕೆನ್ನೆಗೆ ಹಾಕಿಸಿಕೊಂಡವರಿಗೆ, ಮುಕ್ಕಳಿಸಿದ ನೀರು ಮೂಲೆಗಳನ್ನು ಮುಟ್ಟುವುದೇ ಇಲ್ಲ. 20 ಮಿಲಿ ಸಿರಿಂಜ್‌ನ ಸೂಜಿ ತೆಗೆದು, ಬಕೆಟ್ ಮೇಲೆ ಬಗ್ಗಿ, ಕೆನ್ನೆಯ ಸಂದಿಗೆ ಮೆಲ್ಲಗೆ ನೀರು ಬಿಡಿ. ಹಾಕಿದ ಚರ್ಮಕ್ಕೆ ಸ್ಪರ್ಶ ಇರುವುದಿಲ್ಲ, ಅದರ ಅಡಿಯಲ್ಲಿ ನಿನ್ನೆಯ ಅನ್ನದಗುಳು ಕೂತಿರುತ್ತದೆ, ರೋಗಿಗೆ ಗೊತ್ತೇ ಆಗಿರುವುದಿಲ್ಲ. ಬಾಯಿ ವಾಸನೆ ಎಂದು ಬಂದವರಲ್ಲಿ ನಾವು ಟಾರ್ಚ್ ಹಿಡಿದು ಮೊದಲು ನೋಡುವ ಜಾಗ ಅದೇ.

ಎಡವುವುದು ಎಲ್ಲೆಲ್ಲಿ? ಉಪ್ಪು ಜಾಸ್ತಿಯಾದಷ್ಟೂ ಗುಣ ಎಂದುಕೊಳ್ಳುವುದು. ಬಿಸಿನೀರು. ಟೀವಿಯಲ್ಲಿ ಬರುವ ಆಲ್ಕೊಹಾಲ್ ಇರುವ ಮೌತ್‌ವಾಶ್. ಕ್ಲೋರ್‌ಹೆಕ್ಸಿಡಿನ್ ದ್ರವವನ್ನು ಎಷ್ಟೋ ಕಡೆ ಬರೆದುಕೊಡುವುದುಂಟು, ಆದರೆ ವಿಕಿರಣದ ಹುಣ್ಣು ತಡೆಯಲು ಅದು ಬೇಡವೆಂಬುದೇ ಅಂತರರಾಷ್ಟ್ರೀಯ ಮಾರ್ಗಸೂಚಿಯ ಸಲಹೆ. ಐಸ್ ಚೂರು ಚೀಪುವುದು ಕೆಲವು ಬಗೆಯ ಕೀಮೋ ಹುಣ್ಣಿಗೆ ನಿಜವಾಗಿ ಕೆಲಸ ಮಾಡುತ್ತದೆ, ಕರೆಂಟಿನ ಹುಣ್ಣಿಗೆ ಅಲ್ಲ. ಜೇನುತುಪ್ಪಕ್ಕೆ ಒಂದಿಷ್ಟು ಆಧಾರ ಇದೆ: ಕರೆಂಟಿಗೆ 15 ನಿಮಿಷ ಮೊದಲು, ಆಮೇಲೆ 15 ನಿಮಿಷಕ್ಕೆ, ಮತ್ತೆ ಆರು ಗಂಟೆಗೆ 20 ಮಿಲಿ ಬಾಯಲ್ಲಾಡಿಸಿ ನಿಧಾನ ನುಂಗುವ ಕ್ರಮವನ್ನು ಅಧ್ಯಯನದಲ್ಲಿ ಬಳಸಿದ್ದರು. ಸಕ್ಕರೆ ಕಾಯಿಲೆಯವರಿಗೆ ಇದು ಬೇಡ. ಹಲ್ಲಿರುವವರು ಆಮೇಲೆ ಸೋಡಾ ನೀರಿನಲ್ಲಿ ತೊಳೆಯದಿದ್ದರೆ ಹುಳುಕು ಖಾತ್ರಿ.

ಬ್ರಷ್ ಬಿಡಬೇಡಿ. ತೀರ ಮೆತ್ತನೆಯ ಎಳೆಯದು ತಂದು, ಬೆಚ್ಚನೆ ನೀರಲ್ಲಿ ಅದ್ದಿ ಇನ್ನಷ್ಟು ಮೆತ್ತಗೆ ಮಾಡಿಕೊಳ್ಳಿ. ಪೇಸ್ಟಿನ ಖಾರ ತಡೆಯದಿದ್ದರೆ ಮಕ್ಕಳ ಪೇಸ್ಟ್. ಅದೂ ಆಗದ ದಿನ ಬೆರಳಿಗೆ ಗಾಜ್ ಬಟ್ಟೆ ಸುತ್ತಿ ಸೋಡಾ ನೀರಲ್ಲಿ ಒರೆಸಿ. ಕಟ್ಟಿಸಿದ ಹಲ್ಲಿನ ಸೆಟ್ ಈ ಆರು ವಾರ ಡಬ್ಬಿಯಲ್ಲೇ ಇರಲಿ.

ಟಾರ್ಚ್ ಹಿಡಿದು ನೋಡುವುದು

10ರಿಂದ 20 ಗ್ರೇ ನಡುವೆ, ಎರಡನೆಯ ವಾರದ ಹೊತ್ತಿಗೆ, ಬಾಯಿ ಕೆಂಪಾಗುತ್ತದೆ. 30 ಗ್ರೇ ಸುತ್ತಮುತ್ತ ಹುಣ್ಣು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಕೆಂಪು ಮತ್ತು ಉರಿ ಮಾತ್ರವಿದ್ದರೆ 1ನೆಯ ಗ್ರೇಡ್. ಹುಣ್ಣಿದ್ದೂ ಅನ್ನ ತಿನ್ನಬಲ್ಲರಾದರೆ 2. ದ್ರವ ಮಾತ್ರ ಇಳಿದರೆ 3. ಏನೂ ಇಳಿಯದಿದ್ದರೆ 4. ಹಾಗಾಗಿ "ಎಷ್ಟು ನೋವಿದೆ" ಎನ್ನುವುದಕ್ಕಿಂತ "ನಿನ್ನೆ ಏನೇನು ಎಷ್ಟು ಇಳೀತು" ಎಂದು ನಾವು ಕೇಳುತ್ತೇವೆ. "ಚೆನ್ನಾಗೇ ತಿಂತಾರೆ" ಎನ್ನುವ ಉತ್ತರ ಯಾವ ಕೆಲಸಕ್ಕೂ ಬಾರದು. ಎಷ್ಟು ಲೋಟ, ಯಾವ ಲೋಟ?

ಬಿಳಿ ಕಂಡದ್ದೆಲ್ಲ ಒಂದೇ ಅಲ್ಲ. ವಿಕಿರಣ ಬಿದ್ದ ಜಾಗದಲ್ಲೇ, ಕೆಂಪು ಅಂಚಿನೊಳಗೆ ಅಂಟಿಕೊಂಡ ಹಳದಿ ಬಿಳಿ ಪೊರೆ ಹುಣ್ಣಿನದೇ ಪೊರೆ, ಅದನ್ನು ಕೆರೆದು ತೆಗೆಯಬಾರದು. ಮೊಸರು ಚೆಲ್ಲಿದಂತೆ ಅಂಗುಳ, ನಾಲಿಗೆ ಮೇಲೆಲ್ಲ ಚುಕ್ಕಿ ಬಿದ್ದು, ಒರೆಸಿದರೆ ಎದ್ದು ಬಂದರೆ ಅದು ಕ್ಯಾಂಡಿಡಾ ಬೂಷ್ಟು. ಎರಡು ದಿನದಲ್ಲಿ ದಿಢೀರನೆ ಉರಿ ಜಾಸ್ತಿಯಾದರೆ ಬೂಷ್ಟಿನ ಅನುಮಾನ ಪಡಬೇಕು. ನಿಸ್ಟಾಟಿನ್ ದ್ರವ, ಕ್ಲೋಟ್ರಿಮಜೋಲ್ ಪೇಂಟ್ ಅಥವಾ ಫ್ಲುಕೊನಜೋಲ್ ಮಾತ್ರೆಗೆ ಅದು ಬೇಗ ಬಗ್ಗುತ್ತದೆ. ಮಾರ್ಫಿನ್ ಏರಿಸುವ ಮುಂಚೆ ಇದನ್ನು ನೋಡಲೇಬೇಕು, ಎಷ್ಟೋ ಸಲ ಏರಿಸುವ ಅಗತ್ಯವೇ ಬೀಳುವುದಿಲ್ಲ.

ಮಾರ್ಫಿನ್ ಎಂದರೆ ಕೊನೆಗಾಲ ಅಲ್ಲ

ಪ್ಯಾರಾಸಿಟಮಾಲ್, ಟ್ರಮಡಾಲ್ ಸಾಲದಾದಾಗ ಮಾರ್ಫಿನ್ ಬರುತ್ತದೆ. ಆ ಹೆಸರು ಕೇಳಿದ ಕೂಡಲೇ ಮನೆಯವರು ನಮ್ಮನ್ನು ಪಕ್ಕಕ್ಕೆ ಕರೆದು, "ಕೈ ಬಿಟ್ಟಂಗೇನಾ ಸಿಸ್ಟರ್?" ಎನ್ನುತ್ತಾರೆ. ಅಲ್ಲ. ಇದು ವಾಸಿಯಾಗುವ ನೋವು, ಮದ್ದೂ ಕೆಲವು ವಾರಗಳದ್ದು. ಸಾಮಾನ್ಯವಾಗಿ 10 ಮಿಲಿಗ್ರಾಂ ಮಾತ್ರೆಯ ಅರ್ಧದಿಂದ ಶುರು, 4 ಗಂಟೆಗೊಮ್ಮೆ, ಮಲಗುವಾಗ ಎರಡರಷ್ಟು. ಕ್ರಿಯಾಟಿನಿನ್ ಏರಿದವರಿಗೆ ವೈದ್ಯರು ಇದನ್ನು ಇಳಿಸುತ್ತಾರೆ. ನೋವು ಬಂದಾಗ ನುಂಗುವ ಮದ್ದಲ್ಲ ಇದು, ಗಡಿಯಾರ ನೋಡಿ ಕೊಡುವ ಮದ್ದು. ಅದರಲ್ಲೂ ಒಂದು ಹೊತ್ತಿನದು ಊಟಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲು ಬೀಳುವಂತೆ ಹೊಂದಿಸಿಕೊಂಡರೆ ಎರಡು ಲೋಟ ಗಂಜಿ ಹೆಚ್ಚು ಇಳಿಯುತ್ತದೆ. ಬೇಗ ಕರಗುವ ಮಾತ್ರೆಯನ್ನು ಪುಡಿ ಮಾಡಿ ನೀರಲ್ಲಿ ಕಲಸಬಹುದು, ಪೈಪಿನಲ್ಲೂ ಹಾಕಬಹುದು. 12 ಗಂಟೆ ಕೆಲಸ ಮಾಡುವ ನಿಧಾನ ಮಾತ್ರೆಯನ್ನು ಮಾತ್ರ ಪುಡಿ ಮಾಡಲೇಬಾರದು, ಅರ್ಧ ದಿನದ ಮದ್ದು ಒಂದೇ ಸಲಕ್ಕೆ ಒಳಗೆ ಹೋಗುತ್ತದೆ.

ಮೊದಲ ಮಾರ್ಫಿನ್ ಮಾತ್ರೆಯ ರಾತ್ರಿಯೇ ಮಲ ಸಡಿಲಿಸುವ ಮಾತ್ರೆಯೂ ಶುರುವಾಗಬೇಕು. ಮಾರ್ಫಿನ್ ಬೇಡವೆಂದು ಬಿಟ್ಟುಬಿಡುವವರಲ್ಲಿ ಹೆಚ್ಚಿನವರು ಬಿಡುವುದು ಮತ್ತಿನಿಂದಲ್ಲ, ಮಲಬದ್ಧತೆಯಿಂದ. ಮಾರ್ಫಿನ್ ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುವುದಿಲ್ಲ. 1985ರ ಮಾದಕ ವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಬಂದು ಆಸ್ಪತ್ರೆಗಳಿಗೆ ದಾರಿ ಸುಲಭವಾಯಿತಾದರೂ, ಮಾನ್ಯತೆ ಪಡೆದ ಕಡೆಯೇ ತರಬೇಕು. ಊರಿಗೆ ಹೊರಡುವ ದಿನ ಎರಡು ವಾರಕ್ಕಾಗುವಷ್ಟು ಬರೆಸಿಕೊಳ್ಳಿ.

ಮರಗಟ್ಟಿಸುವ ಲಿಗ್ನೊಕೇನ್ ಜೆಲ್ ಕೊಟ್ಟಿದ್ದರೆ ಬಾಯಲ್ಲಾಡಿಸಿ ಉಗುಳಿ, ಮರಗಟ್ಟಿರುವಷ್ಟು ಹೊತ್ತು ಉಣ್ಣಬೇಡಿ. ಬಿಸಿ ಸುಟ್ಟದ್ದೂ, ತುತ್ತು ಶ್ವಾಸನಾಳಕ್ಕೆ ಇಳಿದದ್ದೂ ಆಗ ತಿಳಿಯುವುದಿಲ್ಲ.

ಮೂಗಿನ ಪೈಪು

ವಾರಕ್ಕೊಂದು ದಿನ, ಅದೇ ತೂಕದ ಮಿಷನ್ ಮೇಲೆ, ಚಪ್ಪಲಿ ಬಿಟ್ಟು ನಿಲ್ಲಿಸುತ್ತೇವೆ. ಬೇಕಾದದ್ದರಲ್ಲಿ 60 ಶೇಕಡಾಕ್ಕಿಂತ ಕಡಿಮೆ ಊಟ ಒಂದೆರಡು ವಾರ ನಡೆದರೆ ಪೈಪು ಹಾಕಬೇಕು ಎಂಬುದು ನಿಯಮ. ನಮ್ಮ ಅನುಭವದಲ್ಲಿ ರೋಗಿಗಳು ಒಪ್ಪುವುದು ಇನ್ನೂ ಒಂದು ವಾರ ತಡವಾಗಿ, ಮೂರು ನಾಲ್ಕು ಕಿಲೊ ಕಳೆದ ಮೇಲೆ. ಅಷ್ಟರಲ್ಲಿ ಮಾಸ್ಕ್ ಕುತ್ತಿಗೆಯ ಹತ್ತಿರ ಸಡಿಲವಾಗಿ, ಹೊಸ ಮಾಸ್ಕ್, ಹೊಸ ಸ್ಕ್ಯಾನ್, ಹೊಸ ಪ್ಲ್ಯಾನ್ ಎಂದು ದಿನ ಕಳೆಯುವ ಪರಿಸ್ಥಿತಿ ಬರುತ್ತದೆ. ಪೈಪಿಗೆ ಬೇಗ ಒಪ್ಪಿದವರೇ ಹೆಚ್ಚಾಗಿ ದಿನ ತಪ್ಪಿಸದೆ ಮುಗಿಸುತ್ತಾರೆ.

ದೊಡ್ಡವರಿಗೆ 14 ಅಥವಾ 16 ನಂಬರಿನ ರೈಲ್ಸ್ ಟ್ಯೂಬ್. ಮೂಗಿನ ತುದಿಯಿಂದ ಕಿವಿಗೆ, ಅಲ್ಲಿಂದ ಎದೆಮೂಳೆಯ ಕೆಳತುದಿಗೆ ಅಳೆದು ಅಷ್ಟು ಒಳಗಿಳಿಸುತ್ತೇವೆ. ಮೂಗಿನ ಹೊಳ್ಳೆಯ ಬಳಿ ಮಾರ್ಕರ್ ಪೆನ್ನಿನಿಂದ ಗೆರೆ ಹಾಕಿ, ಪ್ರತಿ ಸಲ ಊಟ ಬಿಡುವ ಮುನ್ನ ಗೆರೆ ಅಲ್ಲೇ ಇದೆಯೇ ನೋಡಿ. ಗೆರೆ ಹೊರಗೆ ಬಂದಿದ್ದರೆ, ಕೆಮ್ಮು ಬಂದರೆ, ದನಿ ಒಡೆದರೆ, ಊಟ ಬಿಡಬೇಡಿ, ಪೈಪನ್ನು ನೀವೇ ಒಳಗೆ ತಳ್ಳಲೂ ಬೇಡಿ. ಪ್ಲಾಸ್ಟರ್ ಮೂಗಿನ ಮೇಲಷ್ಟೇ ಇರಲಿ. ಕರೆಂಟ್ ಬಿದ್ದ ಕೆನ್ನೆಗೆ ಅಂಟಿಸಿದರೆ ಕೀಳುವಾಗ ಚರ್ಮವೇ ಬರುತ್ತದೆ.

ಒಂದು ಹೊತ್ತಿಗೆ ನಾವು ಹೇಳಿಕೊಡುವ ಅಳತೆ: 200 ಮಿಲಿ ಹಾಲು, 20 ಗ್ರಾಂ ರಾಗಿ ಹುರಿಹಿಟ್ಟು, ಎರಡು ಟೀ ಚಮಚ ಸಕ್ಕರೆ, ಒಂದು ಟೀ ಚಮಚ ಎಣ್ಣೆ. ಸುಮಾರು 270 ಕಿಲೊಕ್ಯಾಲೊರಿ, ಏಳೆಂಟು ಗ್ರಾಂ ಪ್ರೋಟೀನ್. ದಿನಕ್ಕೆ ಎಂಟು ಸಲ ಕೊಟ್ಟು, ಜೊತೆಗೆ ಬೇಯಿಸಿ ನುಣ್ಣಗೆ ರುಬ್ಬಿ ಸೋಸಿದ ಎರಡು ಮೊಟ್ಟೆ ಸೇರಿಸಿದರೆ 60 ಕಿಲೊ ತೂಕದವರಿಗೆ ಬೇಕಾದ 1800 ಕಿಲೊಕ್ಯಾಲೊರಿಗಿಂತ ಹೆಚ್ಚೇ ಆಗುತ್ತದೆ, ಪ್ರೋಟೀನ್ 72 ಗ್ರಾಂ ಮುಟ್ಟುತ್ತದೆ. ಮೊಟ್ಟೆ ತಿನ್ನದವರಿಗೆ ಹೆಸರುಬೇಳೆ ಕಟ್ಟು, ಹುರಿಗಡಲೆ ಪುಡಿ. ಸಕ್ಕರೆ ಕಾಯಿಲೆಯವರಿಗೆ ಈ ಅಳತೆ ಅಲ್ಲ, ಡಯಟಿಷಿಯನ್ ಬೇರೆ ಬರೆದುಕೊಡುತ್ತಾರೆ. ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಹುರಿದ ಹಿಟ್ಟೇ ಆಗಬೇಕು. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಗಂಜಿ ನೀರಾಗಿ ಉಳಿಯುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಎಳೆ ಮಕ್ಕಳ ಆಹಾರಕ್ಕಾಗಿ ಈ ಗುಣದ ಮೇಲೆ ಬಹಳ ಕೆಲಸ ಮಾಡಿದೆ. ಬರೀ ರಾಗಿ ಹಿಟ್ಟಿನ ಗಂಜಿ ಆರಿದ ಮೇಲೆ ಮುದ್ದೆಗೆ ತಿರುಗಿ ಪೈಪು ಕಟ್ಟುತ್ತದೆ, ಸುಮ್ಮನೆ ಇನ್ನೊಂದು ಪೈಪು ದಂಡ.

ಬೆನ್ನು 45 ಡಿಗ್ರಿ ಎತ್ತರಿಸಿ ಕೂರಿಸಿ. ಸಿರಿಂಜಿನ ಹಿಡಿ ತೆಗೆದು ಎತ್ತಿ ಹಿಡಿದರೆ ಆಹಾರ ತನ್ನಷ್ಟಕ್ಕೆ ಇಳಿಯುತ್ತದೆ, 15ರಿಂದ 20 ನಿಮಿಷ ಹಿಡಿಯಲಿ. ಹಿಡಿಯಿಂದ ಒತ್ತಿ ತಳ್ಳಿದರೆ ವಾಂತಿ. ಮೊದಲು 30 ಮಿಲಿ ನೀರು, ಕೊನೆಗೆ 30 ಮಿಲಿ ನೀರು. ಮಾತ್ರೆಗಳನ್ನು ಒಂದೊಂದಾಗಿ ನುಣ್ಣಗೆ ಪುಡಿ ಮಾಡಿ, ನಡುವೆ ನೀರು ಬಿಟ್ಟು ಹಾಕಿ, ಗಂಜಿಯಲ್ಲಿ ಕಲಸಿ ಅಲ್ಲ. ಆಮೇಲೆ ಒಂದು ಗಂಟೆ ಮಲಗಬಾರದು. ಪೈಪಿದೆ ಎಂದು ಬಾಯಿಂದ ನುಂಗುವುದನ್ನು ಪೂರ್ತಿ ನಿಲ್ಲಿಸಿದರೆ ಗಂಟಲಿನ ಸ್ನಾಯು ಕೆಲಸ ಮರೆಯುತ್ತದೆ. ಕೆಮ್ಮು ಬರದವರು ದಿನಕ್ಕೆ ಹತ್ತಿಪ್ಪತ್ತು ಸಲ ಒಂದೊಂದು ಗುಟುಕು ನೀರು ನುಂಗುತ್ತಲೇ ಇರಬೇಕು.

ಕೀಮೋ ದಿನದ ಬಗ್ಗೆ ಎರಡು ಮಾತು ಸಾಕು. ವಾರದ ಸಿಸ್‌ಪ್ಲಾಟಿನ್ ಲೆಕ್ಕ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 40 ಮಿಲಿಗ್ರಾಂ. ಹಿಂದಿನ ದಿನ ರಕ್ತ ಪರೀಕ್ಷೆ, ಮದ್ದಿನ ಮುಂಚೆ ಆಮೇಲೆ ಪೊಟ್ಯಾಸಿಯಂ ಮೆಗ್ನೀಸಿಯಂ ಬೆರೆಸಿದ ಸಲೈನ್. ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ, ಮೂತ್ರ ಕಡಿಮೆಯಾದರೆ ಮುಂದಿನ ಬಾಟಲಿ ಏರಿಸುವ ಮೊದಲು ಹೇಳಿ. ಜ್ವರ 38.3 ಡಿಗ್ರಿ ದಾಟಿದರೆ, ಅಂದರೆ 101 ಫ್ಯಾರನ್‌ಹೀಟ್, ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೇ. ಮಾತ್ರೆ ಕೊಟ್ಟು ಬೆಳಗಿನವರೆಗೆ ಕಾಯುವ ಜ್ವರ ಅಲ್ಲ ಅದು.

ಕುತ್ತಿಗೆಯ ಚರ್ಮ ಕಪ್ಪಾಗಿ ಸಿಪ್ಪೆ ಬಿಡುತ್ತದೆ. ರೇಜರ್, ಪೌಡರ್, ಬಿಗಿ ಕಾಲರ್, ಒರಟು ಟವೆಲ್ ಬೇಡ. ಹಳೆಯ ಮೆತ್ತನೆ ಪಂಚೆ ತುಂಡು ಸಾಕು.

ದೀಪಾವಳಿ ರಜೆ ಬಂದರೆ, ಮಿಷನ್ ಕೆಟ್ಟರೆ ದಿನ ಹೋಗಿಯೇ ಹೋಗುತ್ತದೆ. ಆಗ ಶನಿವಾರ ಕೊಡಬಹುದು, ಅಥವಾ ಒಂದೇ ದಿನ ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ. ಒಳ್ಳೆಯ ಕೋಶಗಳು ತಮ್ಮ ಗಾಯ ತೇಪೆ ಹಾಕಿಕೊಳ್ಳಲು ಆ 6 ಗಂಟೆ ಬೇಕು. ತಪ್ಪಿದ ದಿನವನ್ನು ಹೇಗೆ ತುಂಬುತ್ತೀರಿ ಎಂದು ಮನೆಯವರು ಕೇಳಬೇಕು. ಕೇಳುವುದರಲ್ಲಿ ಸಂಕೋಚವೇನಿಲ್ಲ.

ಕೊನೆಯ ದಿನದ ನಂತರ

ಕೊನೆಯ ಕರೆಂಟಿನ ಮರುದಿನದಿಂದ ಬಾಯಿ ಸರಿಹೋಗುತ್ತದೆ ಎಂದು ಎಲ್ಲರೂ ಎದುರು ನೋಡುತ್ತಾರೆ. ಆಗುವುದು ಉಲ್ಟಾ. ಮುಗಿದ ಮೇಲಿನ ಒಂದೆರಡು ವಾರವೇ ಅತಿ ಕೆಟ್ಟದ್ದು, ಯಾಕೆಂದರೆ ಕೊನೆಯ ವಾರದ ಏಟುಗಳ ಉರಿ ಆಗ ಮೇಲೆ ಬರುತ್ತಿರುತ್ತದೆ. ಊರಲ್ಲಿ ದಿನಾ ನೋಡುವ ಸಿಸ್ಟರ್ ಇಲ್ಲ, ವೈದ್ಯರಿಲ್ಲ. "ಮುಗೀತಲ್ಲ" ಎಂದು ಮುಕ್ಕಳಿಸುವುದೂ ನಿಂತಿರುತ್ತದೆ. ಸೋಡಾ ನೀರು, ನೋವಿನ ಮದ್ದು, ಪೈಪು ಮೂರೂ ಹಾಗೇ ಮುಂದುವರಿಯಬೇಕು. ಮೂರರಿಂದ ಆರು ವಾರದಲ್ಲಿ ಹುಣ್ಣು ಮಾಯುತ್ತದೆ, ಕೆಲವರಿಗೆ ಎಂಟು. ಮಾರ್ಫಿನ್ ಒಮ್ಮೆಗೇ ಬಿಡದೆ ಕೆಲವು ದಿನಗಳಲ್ಲಿ ಇಳಿಸಿಕೊಳ್ಳಬೇಕು. ಬಾಯಿಂದಲೇ ಹೊಟ್ಟೆ ತುಂಬಿ, ತೂಕ ಒಂದೆರಡು ವಾರ ನಿಂತ ಮೇಲೆ ಪೈಪು ತೆಗೆಸಿ. ರುಚಿ ಎರಡು ಮೂರು ತಿಂಗಳಿಗೆ ಸ್ವಲ್ಪ ಸ್ವಲ್ಪ ಮರಳುತ್ತದೆ. ಜೊಲ್ಲು ಮಾತ್ರ ಮೊದಲಿನಷ್ಟು ಬರುವುದು ಕಡಿಮೆ. ಮುದ್ದೆ ಇಳಿಯುತ್ತದೆ, ಚಪಾತಿ ಗಂಟಲಲ್ಲಿ ನಿಲ್ಲುತ್ತದೆ, ಸಾರು ಧಾರಾಳವಾಗಿ ಬಡಿಸಿ.

ಹುಣ್ಣು ಮಾಯುತ್ತಿದ್ದಂತೆ ಒಳಗೆ ನಾರು ಕಟ್ಟುವ ಕೆಲಸ ಶುರುವಾಗುತ್ತದೆ, ದವಡೆ ಬಿಗಿಯುತ್ತದೆ. ಐಸ್‌ಕ್ರೀಮ್ ಕಡ್ಡಿಗಳನ್ನು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ಏಳು ಸೆಕೆಂಡ್ ಹಿಡಿದು ಬಿಡುವುದು. ಹೀಗೆ ಏಳು ಸಲ, ದಿನಕ್ಕೆ ಏಳು ಬಾರಿ. ವಾರಕ್ಕೊಂದು ಕಡ್ಡಿ ಹೆಚ್ಚಿಸಲು ನೋಡಿ. ಮೊದಲ ದಿನ ಫೈಲಿನಲ್ಲಿ ಬರೆಸಿದ ಮಿಲಿಮೀಟರ್ ಈಗ ಕೆಲಸಕ್ಕೆ ಬರುತ್ತದೆ. ತಿಂಗಳಿಗೊಮ್ಮೆ ಅಳೆದು ಅದರ ಪಕ್ಕದಲ್ಲೇ ಬರೆಯಿರಿ.

ಆಪರೇಷನ್ ಇಲ್ಲದೆ ಚಿಕಿತ್ಸೆ ಪಡೆದವರು ಗಡ್ಡೆ ಹೋಯಿತೇ ನೋಡಲು ಕೂಡಲೇ ಪೆಟ್ ಸ್ಕ್ಯಾನ್ ಮಾಡಿ ಎಂದು ಒತ್ತಾಯಿಸುತ್ತಾರೆ. 12 ವಾರ ಕಾಯಿಸುವುದಕ್ಕೆ ಕಾರಣ ಈ ಉರಿಯೂತವೇ. ಸ್ಕ್ಯಾನಿಗೆ ಚುಚ್ಚುವ ಸಕ್ಕರೆಯಂಥ ದ್ರವವನ್ನು ಕ್ಯಾನ್ಸರ್ ಕೋಶ ಹೀರುವಂತೆ, ಗಾಯ ಮಾಯಿಸಲು ಬಂದ ಬಿಳಿ ರಕ್ತಕಣಗಳೂ ಹೀರುತ್ತವೆ. ಬೇಗ ಮಾಡಿದರೆ ಮಾಯುತ್ತಿರುವ ಜಾಗವೇ ಗಡ್ಡೆಯಂತೆ ಹೊಳೆದು, ಇಲ್ಲದ ಭಯ, ಬೇಡದ ಬಯಾಪ್ಸಿ.

ಆಮೇಲೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಥೈರಾಯ್ಡ್‌ನ ಟಿಎಸ್‌ಎಚ್ ಪರೀಕ್ಷೆ, ಕುತ್ತಿಗೆಗೆ ಕರೆಂಟ್ ಬಿದ್ದವರಲ್ಲಿ ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗುವುದು ಸಾಮಾನ್ಯ. ಹಲ್ಲಿಗೆ ಫ್ಲೋರೈಡ್ ಹಚ್ಚುವುದು ಜೀವನಪೂರ್ತಿ. ಎಷ್ಟು ಗ್ರೇ, ಯಾವ ಕಡೆಗೆ, ಯಾವ ತಿಂಗಳು ಮುಗಿಯಿತು ಎಂಬ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಆಧಾರ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ. ಹತ್ತು ವರ್ಷದ ಮೇಲೆ ಊರಿನ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತಾಗ, ಅವರು ಇಕ್ಕಳ ಕೈಗೆತ್ತಿಕೊಳ್ಳುವ ಮೊದಲು ಆ ಚೀಟಿ ತೋರಿಸಬೇಕು.